ಮುಚ್ಚಿದ ಕಣ್ಣಿಗೆ ನಿಲ್ಲುವ ಪಾಠ

ಕಣ್ಣು ಮುಚ್ಚಿದರೆ ಪಾಠ ನಿಲ್ಲುತ್ತಿತ್ತು. ಅದರ ಗುಟ್ಟು ಅಷ್ಟೇ.

ಮಗುವಿನ ಮುಂದೆ ಒಂದು ತೆಳ್ಳನೆಯ ಹಲಗೆ. ಹಲಗೆಯ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಕ್ಯಾಮೆರಾ. ಹಲಗೆಯ ಚಿತ್ರದೊಳಗೆ ಹೃದಯ ಬಡಿಯುತ್ತದೆ, ಬೀಜ ಒಡೆದು ಬೇರು ಬಿಡುತ್ತದೆ, ಭಿನ್ನರಾಶಿಗಳು ರೊಟ್ಟಿಯ ಚೂರುಗಳಾಗಿ ನಡೆದು ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೋಡುವ ಮಗುವಿಗೆ ತಿಳಿಯದೆ ಹೋದರೆ ಕೈ ಎತ್ತಬೇಕಿಲ್ಲ, ಬಾಯಿ ಬಿಡಬೇಕಿಲ್ಲ. ಒಂದು ಉಸಿರಿನಷ್ಟು ಹೊತ್ತು ಎರಡೂ ಕಣ್ಣು ಮುಚ್ಚಿದರೆ ಸಾಕು. ಚಿತ್ರ ನಿಂತು, ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮೆಲ್ಲಗೆ ಗಂಟೆಯ ಸದ್ದು ಮಾಡುತ್ತದೆ. ಕಣ್ಣು ತೆರೆದಾಗ ಅದೇ ಸಂಗತಿ ಇನ್ನಷ್ಟು ಸುಲಭವಾಗಿ, ಮೇಲಿನ ಸಿಪ್ಪೆ ಸುಲಿದು, ಬಣ್ಣ ಬೇರೆ ಮಾಡಿ, ಬೇಕಾದಲ್ಲಿ ಒಂದು ಹಳದಿ ಬಾಣ ಇಟ್ಟುಕೊಂಡು ಮತ್ತೆ ನಡೆಯುತ್ತದೆ. ಮತ್ತೂ ತಿಳಿಯದಿದ್ದರೆ ಮತ್ತೆ ಮುಚ್ಚು. ಹಲಗೆಗೆ ಬೇಸರವೆಂಬುದಿಲ್ಲ, ಸಿಟ್ಟೆಂಬುದಿಲ್ಲ, ಬೆತ್ತವಂತೂ ಇಲ್ಲವೇ ಇಲ್ಲ.

ಸರಕಾರಿ ಹೆಸರು ಸಚೇತನ ಚಿತ್ರಪಾಠ. ಜನ ಅದನ್ನು ಗೊಂಬಿಪಾಠ ಎಂದೇ ಕರೆದರು. ಒಂದು ಇಡೀ ತಲೆಮಾರು ಅದರ ಮುಂದೆ ಕೂತು ಬೆಳೆದಿತ್ತು.

ಆ ಚಿತ್ರಗಳನ್ನು ತಿದ್ದುವ ಕೇಂದ್ರ ಗದಗಿನಲ್ಲಿ, ಹುಲಕೋಟಿ ರಸ್ತೆಯ ಒಂದು ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಒಳಗೆ ಗೋಡೆಯಗಲ ರಾಜ್ಯದ ನಕಾಶೆ. ಎಲ್ಲೋ ಬೀದರಿನ ಶಾಲೆಯಲ್ಲಿ ಒಂದು ಮಗು ಕಣ್ಣು ಮುಚ್ಚಿದರೆ ನಕಾಶೆಯಲ್ಲಿ ಒಂದು ಚುಕ್ಕೆ ಮಿಣುಕಿ ಆರುತ್ತದೆ. ಒಂದೇ ಪಾಠದ ಒಂದೇ ಗಳಿಗೆಯಲ್ಲಿ ಚುಕ್ಕೆಗಳು ಗುಂಪುಗೂಡಿದರೆ ಆ ಚಿತ್ರಕ್ಕೆ ರಿಪೇರಿ ಬೇಕು ಎಂದರ್ಥ. ರಿಪೇರಿ ಮಾಡುವವಳು ನೀಲಾಂಬಿಕಾ. ಕಪ್ಪೆಯ ಹೊಟ್ಟೆಯ ಗೆರೆ ತೆಳುಮಾಡುವುದು, ಜ್ವಾಲಾಮುಖಿಯನ್ನು ಇನ್ನಿಷ್ಟು ನಿಧಾನವಾಗಿ ಉಕ್ಕಿಸುವುದು, ಬಾಣವನ್ನು ಇನ್ನಿಷ್ಟು ದಪ್ಪಗೆ ಬರೆಯುವುದು. ಒಂದು ಗುಂಪು ಆರುವಷ್ಟರಲ್ಲಿ ಇನ್ನೊಂದೆಡೆ ಇನ್ನೊಂದು ಗುಂಪು ಹೊತ್ತಿಕೊಳ್ಳುತ್ತಿತ್ತು. ಸಂಜೆ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೂ ಅವಳಿಗೆ ರೆಪ್ಪೆಯ ಒಳಗೆ ಚುಕ್ಕೆಗಳೇ.

"ನಿಂದೂ ಒಂದ್ ಚುಕ್ಕಿ ಎದ್ದಿರಬೇಕ್ ನೋಡ್ ತಂಗೀ," ಎಂದು ಬಣ್ಣ ತುಂಬುವ ದಸ್ತಗೀರ ನಗಿಸುತ್ತಿದ್ದ. ಅವನು ಅವಳಿಗಿಂತ ಹಿರಿಯ, ಕೇಂದ್ರದ ಮೊದಲ ದಿನದಿಂದ ಇದ್ದವನು. "ನಿನ್ನ ಬಾಳೂ ಒಂದ್ ಹೆಜ್ಜಿ ಹಿಂದ ಹಾಕಿ ತೋರಸ್ತಾರೇನ ಕೇಳು."

"ಹಿಂದ ಹಾಕಿದ್ರ ಮತ್ತ ಅಷ್ಟ ದಾರಿ ನಡೀಬೇಕಲ್ಲಣ್ಣ. ಸಾಕಾಗೇತಿ," ಎನ್ನುತ್ತಿದ್ದಳು ನೀಲಾಂಬಿಕಾ.

*

ಅವಳ ಮಗಳು ಮುಕ್ತಾ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯುತ್ತಿದ್ದಳು. ಒಂಬತ್ತನೆಯ ಇಯತ್ತೆಯಲ್ಲಿ ಗೊಂಬಿಪಾಠದೊಳಗೆ ಹೆರಿಗೆ ನೋಡಿ ಬಂದ ದಿನವೇ, "ನಾ ಇದ ಕೆಲಸಾ ಮಾಡಾಕಿ," ಎಂದಿದ್ದಳು. ಆ ಮಾತು ಬದಲಾಗಲಿಲ್ಲ. ಪುಸ್ತಕದ ಪರೀಕ್ಷೆಗಳಲ್ಲಿ ಅವಳೇ ಮುಂದು. ಇನ್ನು ಉಳಿದದ್ದು ಕೈಯ ಪರೀಕ್ಷೆ: ಹಿರಿಯ ದಾದಿ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ತಾನೇ ಒಂದು ಕೂಸನ್ನು ಎತ್ತಿಕೊಳ್ಳಬೇಕು.

ಆಷಾಢದ ಒಂದು ಮುಂಜಾನೆ ಆ ಸರದಿ ಬಂತು. ತಲೆ ಹೊರಬಂದಿತ್ತು. ಹೊಕ್ಕಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಏನು ಮಾಡಬೇಕೆಂದು ಮುಕ್ತಾಳಿಗೆ ಬಾಯಿಪಾಠ: ಬೆರಳು ತೂರಿಸು, ಬಳ್ಳಿ ಸಡಿಲಿಸು, ತಲೆಯ ಮೇಲಿಂದ ದಾಟಿಸು. ಪಾಠದಲ್ಲಿ ಆ ಬಳ್ಳಿ ತಿಳಿನೀಲಿ, ಸುತ್ತಲೂ ಬೆಳ್ಳಗೆ, ಪಕ್ಕದಲ್ಲಿ ಬಾಣ. ಇಲ್ಲಿ ಎಲ್ಲವೂ ಒಂದೇ ಬಣ್ಣ. ನೆತ್ತರು, ನೀರು, ಕೂದಲು, ಕಪ್ಪಿಟ್ಟ ಸಣ್ಣ ಮುಖ. ಬಳ್ಳಿ ಯಾವುದು, ಚರ್ಮದ ಮಡಿಕೆ ಯಾವುದು?

ಮುಕ್ತಾ ಕಣ್ಣು ಮುಚ್ಚಿದಳು.

ಮೊಣಕೈಯಿಂದ ತಳ್ಳಿಸಿಕೊಂಡಾಗಲೇ ಅವಳು ತೆರೆದದ್ದು. ಹಿರಿಯ ದಾದಿ ಫಿಲೋಮಿನಾ ಸಿಸ್ಟರ್ ಬಳ್ಳಿ ದಾಟಿಸಿ, ಕೂಸನ್ನು ಎಳೆದುಕೊಂಡು, ಬೆನ್ನು ಉಜ್ಜುತ್ತಿದ್ದರು. ಕೂಸು ಬಹಳ ಹೊತ್ತು ಸುಮ್ಮನಿತ್ತು. ಕೊನೆಗೆ ಅತ್ತಿತು.

ಕೈ ತೊಳೆಯುವ ಕಟ್ಟೆಯ ಹತ್ತಿರ ಸಿಸ್ಟರ್ ಕೇಳಿದರು. "ಏನ್ ಮಾಡಾಕತ್ತಿದ್ದಿ ಅಲ್ಲಿ? ಪ್ರಾರ್ಥನಿ ಏನು? ಪ್ರಾರ್ಥನಿ ನಾ ಮನೀಂದನ ಮಾಡಿ ಬರ್ತೀನಿ. ನಿನ್ನ ಕಣ್ಣ ಬೇಕಾಗಿದ್ವು ನಂಗ."

"ನಾ ಕಣ್ಣ ಮುಚ್ಚಲಿಲ್ರಿ ಸಿಸ್ಟರ್."

ಸಿಸ್ಟರ್ ಅವಳ ಮುಖವನ್ನೇ ನೋಡಿದರು. ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಸಿಸ್ಟರಿಗೆ ಹೆದರಿಕೆ ಆದದ್ದು ಅದಕ್ಕೇ.

"ನಿನ್ನ ಒಬ್ಬಾಕಿದಲ್ಲ ಇದು. ಹಿಂದಿನ ತಂಡದಾಗೂ ನೋಡೇನಿ. ಶ್ರಾವಣ ಮುಗಿಯೂದ್ರೊಳಗ ಇನ್ನೊಂದ್ ಹೆರಿಗಿ ನಿನ್ನ ಕೈಲೆ ಮಾಡಸ್ತೀನಿ. ಅಲ್ಲೀತನಕ ಬಟ್ಟಿ ಮಡಚು, ಹಾಸಗಿ ಹಾಸು. ಮತ್ತ ಕಣ್ಣ ಮುಚ್ಚಿದೀ, ಔಷಧದ ಉಗ್ರಾಣಕ್ಕ ಹೋಗು. ಅಲ್ಲಿ ಬಾಟ್ಲಿ ಎಣಿಸಬೌದು. ಬಾಟ್ಲಿ ಸಾಯೂದಿಲ್ಲ."

*

"ನಾ ಮುಚ್ಚಿಲ್ಲವ್ವ. ಆಣಿ ಮಾಡಿ ಹೇಳ್ತೀನಿ."

ಬೆಟಗೇರಿಯ ಮನೆಯಲ್ಲಿ ಮುಕ್ತಾ ಗೋಡೆಗೊರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ರೊಟ್ಟಿ ಆರಿ ಗಟ್ಟಿಯಾಗಿತ್ತು. ಅಪ್ಪ ರಾಚಪ್ಪ ಬಸ್ ಡಿಪೋದ ಕೆಲಸದಿಂದ ನಿವೃತ್ತನಾಗಿದ್ದ, ಮಾತು ಕಡಿಮೆಯ ಮನುಷ್ಯ. ಮಗಳ ತಟ್ಟೆಯ ರೊಟ್ಟಿ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡು, ಬಿಸಿಯದೊಂದನ್ನು ಅವಳಿಗಿಟ್ಟ.

"ಆಮ್ಯಾಲ ಏನಾತು?" ಎಂದಳು ನೀಲಾಂಬಿಕಾ.

"ಗೊತ್ತಿಲ್ಲ. ತಿಳೀಲಿಲ್ಲ. ಒಂದು ಚೂರು ತಡದ್ರ ತಿಳೀತೈತಿ ಅನಸ್ತು. ತಡದೆ." ಮುಕ್ತಾ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಳು. "ಗಂಟಿ ಬರಲೇ ಇಲ್ಲವ್ವ."

ನೀಲಾಂಬಿಕಾ ಪಲ್ಯದ ಬೋಗುಣಿ ಕೆಳಗಿಟ್ಟಳು. ಮಗಳ ಎದುರಿಗೆ ಬಂದು ಕೂತಳು. ಹೆರಿಗೆ ಪಾಠದಲ್ಲಿ ಕೂಸಿನ ತಲೆ ತಿರುಗುವ ಘಟ್ಟ ಹೇಗೆ ಎಂದು ಕೇಳಿದಳು. ಮುಕ್ತಾ ಹೇಳತೊಡಗಿದಳು. ಗದ್ದ ಎದೆಗೆ ಒತ್ತಿರುತ್ತದೆ, ಆಮೇಲೆ ಎತ್ತುತ್ತದೆ, ಆಮೇಲೆ ಎಡಕ್ಕೋ ಬಲಕ್ಕೋ... ಅಲ್ಲಿ ತಡವರಿಸಿದಳು. ತಡವರಿಸಿದ ಕಡೆ ಅವಳ ರೆಪ್ಪೆಗಳು ಮೆಲ್ಲಗೆ ಇಳಿದವು. ಹುಬ್ಬು ತುಸು ಮೇಲೆದ್ದಿತು. ಒಂದು ಉಸಿರು. ಮತ್ತೆ ತೆರೆದವು.

"ಈಗ ಮುಚ್ಚಿದಿ," ಎಂದಳು ತಾಯಿ.

"ಎಲ್ಲಿ?"

ರಾಚಪ್ಪ ಊಟ ಬಿಟ್ಟು ಮಗಳನ್ನು ನೋಡುತ್ತಿದ್ದ. "ಮುಚ್ಚಿದಿಯವ್ವಾ," ಎಂದ ಮೆಲ್ಲಗೆ. "ನಾನೂ ನೋಡಿದೆ."

ಮುಂದಿನ ದಿನಗಳಲ್ಲಿ ಅವರು ತಮಗೆ ತೋಚಿದ್ದನ್ನೆಲ್ಲ ಮಾಡಿದರು. ಮುಚ್ಚಿದಾಗ ತಾಯಿ ಚಪ್ಪಾಳೆ ತಟ್ಟಿದಳು. ಮುಕ್ತಾ ಕೈಗೆ ರಬ್ಬರ್ ಬಳೆ ಹಾಕಿಕೊಂಡು ಚಟ್ ಎಂದು ಎಳೆದು ಬಿಟ್ಟುಕೊಂಡಳು. ಕನ್ನಡಿಯ ಮುಂದೆ ಕೂತು ಕಠಿಣ ಲೆಕ್ಕ ಬಿಡಿಸಿದಳು. ಮುಚ್ಚಿದ ಕಣ್ಣಿಗೆ ಕನ್ನಡಿ ಏನು ಹೇಳೀತು? ಸಾಕಾಗಿ ಒಂದು ಸಂಜೆ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಳು.

*

ದಸ್ತಗೀರ ಸಂಗತಿ ಕೇಳಿ ಕುಂಚ ಕೆಳಗಿಟ್ಟ.

"ತಂಗೀ, ನಮ್ಮ ಸೊಸಿ ರೊಟ್ಟಿ ಬೇಯಸೂ ಮುಂದ ಕಣ್ಣ ಮುಚ್ಚತಾಳ. ಒಂದೊಂದು ರೊಟ್ಟಿ ಹೊತ್ತತೈತಿ. ನಮ್ಮಾಕಿ ಅಂತಾಳ, ಹೊಗಿ ತಡಿಯಾಕ ಆಗೂದಿಲ್ಲ, ನಾಜೂಕ ಹುಡಿಗಿ. ನಾ ಏನಂದೆ? ಅತ್ತಿ ಮಾರಿ ನೋಡಾಕ ಆಗೂದಿಲ್ಲ, ಅದಕ್ಕ ಮುಚ್ಚತಾಳ." ಅವನು ನಗಲು ಹೋಗಿ ನಿಲ್ಲಿಸಿದ. "ಆಕಿದೂ ಇದ ಏನು?"

ಇಬ್ಬರೂ ಗೋಡೆಯತ್ತ ತಿರುಗಿದರು. ರಾಯಚೂರಿನ ಬದಿಗೆ ಯಾವುದೋ ಗಣಿತದ ಪಾಠಕ್ಕೆ ಚುಕ್ಕೆಗಳು ಜಾತ್ರೆ ನೆರೆದಂತೆ ನೆರೆದಿದ್ದವು. ಇಷ್ಟು ವರ್ಷ ನೀಲಾಂಬಿಕಾ ಅವನ್ನು ಚಿತ್ರದ ಊನಗಳೆಂದೇ ನೋಡಿದ್ದಳು. ಈಗ ಒಂದೊಂದರ ಹಿಂದೆ ಎರಡೆರಡು ರೆಪ್ಪೆ ಕಂಡವು. ಹಲಗೆಯ ಮುಂದೆ ಮುಚ್ಚಿದ್ದು ಮಾತ್ರ ಇಲ್ಲಿ ಮಿಣುಕುತ್ತದೆ. ಒಲೆಯ ಮುಂದೆ, ರಸ್ತೆ ದಾಟುವಾಗ, ಬಾವಿಯ ದಂಡೆಯಲ್ಲಿ ಮುಚ್ಚಿದ್ದಕ್ಕೆ ನಕಾಶೆ ಎಲ್ಲಿದೆ?

ಅವಳು ನಿರ್ದೇಶಕ ಇನಾಮದಾರರ ಕೋಣೆಗೆ ಹೋದಳು. ಎಲ್ಲ ಪಾಠ ಬೇಡ, ಕೆಲವೇ ಪಾಠಗಳಲ್ಲಿ ಚಿತ್ರ ನಿಲ್ಲದೆ ಹೋಗಲಿ, ಮಕ್ಕಳಿಗೆ ಆ ರೂಢಿಯೂ ಬರಲಿ ಎಂದು ಕೇಳಿದಳು.

ಇನಾಮದಾರರು ಕೆಟ್ಟ ಮನುಷ್ಯರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು.

"ನೀಲಾಂಬಿಕಾ ಅವರ, ನಾ ಹಿಂದಿನ ಬೆಂಚಿನ್ಯಾಂವ. ಏಳನೇ ಇಯತ್ತೆದಾಗ ಎರಡ ಸಲ ಕುಂತೆ. ತಿಳೀಲಿಲ್ರಿ ಸರ್ ಅಂತ ಎದ್ದು ನಿಂತು ಹೇಳಾಕ ಧೈರ್ಯ ಇರಲಿಲ್ಲ. ಹೇಳಿದಾಂವಗ ಏನ್ ಸಿಗತಿತ್ತು ನೋಡಿದ್ದೆ. ಈಗ ರಾಜ್ಯದಾಗ ಒಬ್ಬ ಹುಡಗನೂ ಹಂಗ ಕುಂದ್ರೂದಿಲ್ಲ. ನಿಮ್ಮ ಮಗಳ ಸಲುವಾಗಿ ನನಗ ಸಂಕಟ ಐತಿ. ಆದರ ಆ ಹಿಂದಿನ ಬೆಂಚು ವಾಪಸ್ ತರೂದು ನನ್ನ ಕೈಲೆ ಆಗೂದಿಲ್ಲ."

ಅವರು ಹೇಳಿದ್ದೂ ನಿಜವೇ ಆಗಿತ್ತು. ಬಾಗಿಲವರೆಗೆ ಹೋದವಳನ್ನು ಇನಾಮದಾರರು ಮತ್ತೆ ಕರೆದರು.

"ಆ ಹೆರಿಗಿ ಪಾಠದಾಗ ಬಳ್ಳಿ ಸುತ್ತೂ ಜಾಗಾಕ ಚುಕ್ಕಿ ಭಾಳ ಏಳಾಕತ್ತಾವು. ಅದನ್ನಷ್ಟು ಇನ್ನೂ ಸುಲಭ ಮಾಡಿಕೊಡ್ರಿ. ಇದ್ದಷ್ಟು ಕೆಂಪೂ ಇನ್ನಷ್ಟು ಕಡಿಮಿ ಮಾಡ್ರಿ."

*

ಶ್ರಾವಣ ಹುಟ್ಟಿತು. ಬೆಟಗೇರಿಯ ಸಣ್ಣ ಮಠದಲ್ಲಿ ಸಂಜೆಗೆ ಪುರಾಣ ಶುರುವಾಯಿತು.

ಆ ಮಠದಲ್ಲಿ ಒಂದು ಪದ್ಧತಿ. ಶಾಸ್ತ್ರಿಗಳು ಪದ್ಯವನ್ನು ರಾಗವಾಗಿ ಓದಿ ಅರ್ಥ ಬಿಡಿಸುವಾಗ ಅವರ ಎದುರಿಗೇ ಒಬ್ಬರು ಕೂತು, ಸಾಲು ಸಾಲಿಗೂ "ಹೂಂ" ಅನ್ನಬೇಕು. ಆ ಹೂಂ ಬರದಿದ್ದರೆ ಪುರಾಣ ಮುಂದೆ ಸಾಗುವುದಿಲ್ಲ. ಬಹಳ ವರ್ಷಗಳಿಂದ ಆ ಜಾಗ ರಾಚಪ್ಪನದು. ಡಿಪೋದಲ್ಲಿ ಮಾತನಾಡದೆ ಉಳಿಸಿಕೊಂಡ ದನಿಯನ್ನೆಲ್ಲ ಅವನು ಈ ಒಂದು ತಿಂಗಳಲ್ಲಿ ಖರ್ಚು ಮಾಡುತ್ತಿದ್ದ. ಅವನ ಹೂಂಗೆ ಏರಿಳಿತವಿತ್ತು. ಶರಣನೊಬ್ಬ ಹೊಳೆಗೆ ಇಳಿದರೆ ಒಂದು ಹೂಂ, ನೀರು ಎದೆಗೆ ಬಂದರೆ ಇನ್ನೊಂದು.

ಆ ವರ್ಷ ಮೂರನೆಯ ಸಂಜೆಗೇ ಅವನ ಗಂಟಲು ಕಟ್ಟಿತು. ಬಿಸಿನೀರು, ಜ್ಯೇಷ್ಠಮಧು, ಯಾವುದಕ್ಕೂ ಬಗ್ಗಲಿಲ್ಲ.

"ಮುಕ್ತಾ, ಇವತ್ತ ನೀ ಹೂಂ ಅನ್ನು," ಎಂದ, ಗಾಳಿಯಂಥ ದನಿಯಲ್ಲಿ.

"ನಾನಾ? ನಂಗ ಪುರಾಣ ತಿಳೀಬೇಕಲ್ಲಪ್ಪಾ."

"ಹೂಂ ಅನ್ನಾಕ ಏನು ಡಿಗ್ರಿ ಬೇಕು? ನಡಿ."

ಮಠದಲ್ಲಿ ಹೆಂಗಸರ ಬದಿಗೆ ನೀಲಾಂಬಿಕಾ ಕೂತಳು. ಮುಕ್ತಾ ಶಾಸ್ತ್ರಿಗಳ ಎದುರು, ಅಪ್ಪನ ಜಾಗದಲ್ಲಿ. ಶಾಸ್ತ್ರಿಗಳು ಮುಪ್ಪಿನವರು, ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು. ಆದರೆ ಪದ್ಯ ಎತ್ತಿಕೊಂಡರೆ ಹಲ್ಲಿಲ್ಲದ್ದು ಯಾರ ನೆನಪಿಗೂ ಬರುತ್ತಿರಲಿಲ್ಲ. ಮೊದಲ ಸಾಲುಗಳಿಗೆ ಮುಕ್ತಾ ಹೂಂ ಅಂದಳು. ಆಮೇಲೆ ಹಳಗನ್ನಡದ ಉದ್ದನೆಯ ಸಮಾಸವೊಂದು ಬಂತು. ನೀಲಾಂಬಿಕಾ ಮಗಳ ರೆಪ್ಪೆ ಇಳಿಯುವುದನ್ನು ಕಂಡಳು. ಮನಸ್ಸಿನ ನಕಾಶೆಯಲ್ಲಿ ಒಂದು ಚುಕ್ಕೆ ಎದ್ದಿತು.

ಹೂಂ ಬರಲಿಲ್ಲ. ಶಾಸ್ತ್ರಿಗಳು ನಿಲ್ಲಿಸಿದರು. ಮಠವೆಲ್ಲ ತಿರುಗಿ ನೋಡಿತು.

"ಏನ್ ತಂಗೀ, ನಿದ್ದಿ ಬಂತ? ನಮ್ಮ ರಾಚಪ್ಪ ಉಪವಾಸದ ದಿನ ಸುದ್ದಾ ಮಲಗಿಲ್ಲ ಇಲ್ಲಿ."

ಯಾರೋ ನಕ್ಕರು. ಮುಕ್ತಾ ಕೆಂಪಾಗಿ ಕಣ್ಣು ತೆರೆದಳು. "ತಿಳೀಲಿಲ್ರಿ ಅಜ್ಜಾರ. ಇನ್ನೊಮ್ಮೆ ಹೇಳ್ರಿ."

"ತಿಳೀಲಿಲ್ಲಂದ್ರ ಹೂಂ ಅನಬಾರದಂತ ಯಾರ ಹೇಳಿದ್ರು?" ಶಾಸ್ತ್ರಿಗಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ತಿಳದ್ರೂ ಹೂಂ, ತಿಳೀದಿದ್ರೂ ಹೂಂ. ನೀ ಹೂಂ ಅಂದ್ರ ಕತಿ ಮುಂದ ಹೋಗತೈತಿ. ಮುಂದ ಹೋದ ಮ್ಯಾಲ ಹಿಂದಿಂದು ತಾನ ತಿಳೀತೈತಿ. ಹಿಂದ ನಿಂತ ನೋಡಿದ್ರ ಹೊಳಿ ಹೆಂಗ ದಾಟತಿ? ಮತ್ತ, ಕಣ್ಣ ಮುಚ್ಚಿದ್ರ ನನ್ನ ಸಾಲ ಎಲ್ಲಿ ಮುಗೀತಂತ ನಿಂಗ್ಹೆಂಗ ಗೊತ್ತಾಗಬೇಕು? ಬಾಯಿ ನೋಡು ನಂದು. ಹಲ್ಲಿಲ್ಲಂತ ನಾಚಬ್ಯಾಡ."

ಮಠ ಮತ್ತೆ ನಕ್ಕಿತು. ಮುಕ್ತಾಳೂ ನಕ್ಕಳು. ಪದ್ಯ ಮುಂದುವರಿಯಿತು.

ಶಾಸ್ತ್ರಿಗಳ ಸಾಲು ಉಸಿರಿನೊಂದಿಗೆ ಮುಗಿಯುತ್ತಿತ್ತು. ಮುಗಿಯುವ ಮೊದಲು ತುಟಿ ತುಸು ಒಳಸರಿಯುತ್ತಿತ್ತು. ಅದನ್ನು ಹಿಡಿಯಬೇಕಾದರೆ ಕಣ್ಣು ಕದಲಿಸುವಂತಿರಲಿಲ್ಲ. ತಿಳಿಯದ ಪದ ಬಂತು; ಹೂಂ. ಇನ್ನೊಂದು ಬಂತು, ಹೂಂ. ಏನೂ ಕೈಗೆ ಹತ್ತದೆ ಹಿಂದೆ ಹಿಂದೆ ಬೀಳುತ್ತ ಹೋದರೂ ಅವಳು ಹೂಂ ಬಿಡಲಿಲ್ಲ. ನಾಲ್ಕಾರು ಸಾಲು ಮುಂದೆ, ಹೊಳೆಯ ನಡುವೆ ನಿಂತ ಶರಣನ ಮಾತು ಬಂದಾಗ, ಬಿಟ್ಟುಹೋದ ಆ ಸಮಾಸದ ಅರ್ಥ ಹಿಂದಿನಿಂದ ಓಡಿ ಬಂದು ಅವಳನ್ನು ಕೂಡಿಕೊಂಡಿತು. "ಹೂಂ!" ಎಂದಳು, ಬೇಕಾದ್ದಕ್ಕಿಂತ ಜೋರಾಗಿ.

ಅಂದು ಅವಳು ಮತ್ತೂ ಹಲವು ಸಲ ಕಣ್ಣು ಮುಚ್ಚಿದಳು. ಮರುದಿನವೂ. ಪ್ರತಿಸಲವೂ ಪುರಾಣ ನಿಂತಿತು, ಜನ ಗೊಣಗಿದರು. ಗಂಟಲು ವಾಸಿಯಾದ ಮೇಲೂ ರಾಚಪ್ಪ ವಾಸಿಯಾಗಿಲ್ಲ ಎಂದೇ ಹೇಳಿಕೊಂಡು ಕಂಬಕ್ಕೊರಗಿ ಕೂತ. ದಿನ ಕಳೆದಂತೆ ನೀಲಾಂಬಿಕಾಳ ಮನಸ್ಸಿನ ನಕಾಶೆಯಲ್ಲಿ ಚುಕ್ಕೆಗಳು ವಿರಳವಾದವು. ಪೂರ್ತಿ ಆರಲಿಲ್ಲ.

*

ಒಂದು ರವಿವಾರ ಮಧ್ಯಾಹ್ನ ನೀಲಾಂಬಿಕಾ ಹಾಳೆ, ಪೆನ್ಸಿಲ್ ಹಿಡಿದು ಮಗಳ ಬಳಿ ಕೂತಳು. ಮುಕ್ತಾ ಆಸ್ಪತ್ರೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ಅವತ್ತಿನ ಬಳ್ಳಿ ಹೆಂಗಿತ್ತು? ಪಾಠದಾಗಿಂದಲ್ಲ. ನೀ ಕಂಡಿದ್ದು."

"ನಾ ಎಲ್ಲಿ ಕಂಡೆ?"

"ಮುಚ್ಚೂಕಿಂತ ಮುಂಚೆ ಕಂಡಿಯಲ್ಲ, ಅದು."

ಮುಕ್ತಾ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. "ನೀಲಿ ಇರಲಿಲ್ಲ. ಬೂದಿ ಬಣ್ಣ. ತಿರುವಿದ ಹಸಿ ಶಾವಿಗಿ ಇರ್ತಾವಲ್ಲ, ಹಂಗ ಹೊಳೀತಿತ್ತು. ಮ್ಯಾಲ ಬೆಣ್ಣಿ ಮೆತ್ತಿದಂಗ. ಅದು ಸುಮ್ಮನ ಇರಲಿಲ್ಲವ್ವ, ಬಡೀತಿತ್ತು. ನಾಡಿ ಬಡದಂಗ." ಹೇಳುತ್ತ ಹೇಳುತ್ತ ಅವಳೇ ಬೆರಗಾದಳು. "ಬಡಿಯೂದ ಅದು ಒಂದ. ಚರ್ಮ ಬಡಿಯೂದಿಲ್ಲ. ಅದರ ಮ್ಯಾಲೆ ಗುರ್ತ ಹಿಡೀಬೌದಿತ್ತು."

ನೀಲಾಂಬಿಕಾ ಬರೆದಳು. ಮುಕ್ತಾ ಅಲ್ಲ ಅಲ್ಲ ಎಂದಳು. ಒರೆಸಿ ಮತ್ತೆ ಬರೆದಳು. ಸೋಮವಾರ ದಸ್ತಗೀರ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಕೆಂಪು ಕಡಿಮಿ ಮಾಡು ಅಂದಿದ್ರು ಸಾಹೇಬ್ರು."

"ಹೌದು."

"ಇದರಾಗ ಮೈತುಂಬ ಕೆಂಪು ಐತಿ. ಬಾಣಾನೂ ಇಲ್ಲ."

"ಇಲ್ಲ."

"ಇದು ನಿಲ್ಲೂ ಪಾಠನೋ, ನಿಲ್ಲದ ಪಾಠನೋ?"

"ನಿಲ್ಲೂದಿಲ್ಲಣ್ಣ. ಕಣ್ಣ ಮುಚ್ಚಿದ್ರೂ ನಡದ ಹೋಗತೈತಿ. ಮುಗಿದ ಮ್ಯಾಲ ಬೇಕಂದ್ರ ಮೊದಲಿಂದ ನೋಡಬೌದು. ನಡಕ ಇಲ್ಲ."

ದಸ್ತಗೀರ ನಿಟ್ಟುಸಿರಿಟ್ಟ. "ನಿವೃತ್ತಿಗೆ ಸ್ವಲ್ಪ ದಿನ ಉಳದಿದ್ವು, ಸುಖದಿಂದ ಹೋಗಬೇಕಂತ ಮಾಡಿದ್ದೆ," ಎನ್ನುತ್ತ ಬಣ್ಣದ ತಟ್ಟೆ ಎಳೆದುಕೊಂಡ. "ಬೂದಿ ಅಂದ್ರ ಯಾವ ಬೂದಿ? ಒಲಿ ಬೂದಿನೋ, ವಿಭೂತಿನೋ?"

ಸಾಹೇಬರನ್ನು ಕೇಳದೆಯೇ ಆ ಪಾಠ ಹೊರಟ ಮುಂಜಾನೆಯಿಂದಲೇ ದಾದಿ ಶಾಲೆಗಳಿಂದ ದೂರುಗಳು ಬಂದವು. ಹುಡುಗಿಯರು ಅತ್ತರಂತೆ. ಒಬ್ಬಳಿಗೆ ವಾಂತಿಯಾಯಿತಂತೆ. ಹಲಗೆ ಕೆಟ್ಟಿದೆ, ಕಣ್ಣು ಮುಚ್ಚಿದರೂ ನಿಲ್ಲುತ್ತಿಲ್ಲ ಎಂದು ಮಾಸ್ತರರೊಬ್ಬರು ರೇಗಿದರು. ನೀಲಾಂಬಿಕಾ ಒಂದೊಂದೇ ಕರೆ ಎತ್ತಿಕೊಂಡು, "ಕೆಟ್ಟಿಲ್ರಿ. ಅದು ಹಂಗ ಇರೂದು," ಎಂದು ಹೇಳಿದಳು. ಸಂಜೆಯ ಹೊತ್ತಿಗೆ ದನಿ ಬಿದ್ದುಹೋಗಿತ್ತು. ಇನಾಮದಾರರು ಅವಳನ್ನು ಬೈಯಲಿಲ್ಲ. ವಾರದ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಹಳೆಯದನ್ನೇ ಹಾಕಬೇಕಾಗುತ್ತದೆ ಎಂದರು, ಅಷ್ಟೆ.

*

ಶ್ರಾವಣದ ಕೊನೆಯ ವಾರ ಒಂದು ಮುಂಜಾನೆ ಫಿಲೋಮಿನಾ ಸಿಸ್ಟರ್ ಬಟ್ಟೆ ಮಡಚುತ್ತಿದ್ದ ಮುಕ್ತಾಳನ್ನು ಕರೆದರು. "ಬಾ. ಕೈ ತೊಳಕೊ."

ಮಂಚದ ಮೇಲೆ ಲಕ್ಕುಂಡಿಯ ಹುಲಿಗೆವ್ವ. ಚೊಚ್ಚಲು, ಮುಕ್ತಾಳಿಗಿಂತ ಒಂದೆರಡು ವರ್ಷ ದೊಡ್ಡವಳು. ಬೇನೆ ಚೆನ್ನಾಗಿ ಬಂದಿತ್ತು, ತಲೆಯ ನೆತ್ತಿ ಕಾಣುತ್ತಿತ್ತು. ಮುಕ್ತಾ ಕಾಲ ಬಳಿ ನಿಂತಳು. ಸಿಸ್ಟರ್ ಒಂದು ಹೆಜ್ಜೆ ಹಿಂದೆ, ಮುಕ್ತಾಳ ಮುಖ ಕಾಣುವ ಹಾಗೆ.

"ತಿಣಕವಾ, ತಿಣಕು," ಎಂದರು ಸಿಸ್ಟರ್.

ಹುಲಿಗೆವ್ವ ತಿಣುಕಿದಳು. ಇನ್ನೊಮ್ಮೆ ತಿಣುಕಿದಳು. ಮೂರನೆಯ ಬೇನೆ ಏರಿ ಬಂದಾಗ ಒಮ್ಮೆಲೇ ಮೈ ಸಡಿಲ ಬಿಟ್ಟು ಕಣ್ಣು ಮುಚ್ಚಿದಳು.

"ಬಿಡಬ್ಯಾಡ, ಬಿಡಬ್ಯಾಡ, ಈಗ ಬಿಡಬಾರದು!" ಸಿಸ್ಟರ್ ಕೂಗಿದರು. ಹುಲಿಗೆವ್ವ ಅಲುಗಲಿಲ್ಲ. ಹೊಟ್ಟೆಗೆ ಕಟ್ಟಿದ್ದ ಯಂತ್ರದಲ್ಲಿ ಕೂಸಿನ ಎದೆಬಡಿತ ಟಕ ಟಕ ಎಂದು ಓಡುತ್ತಿದ್ದದ್ದು ನಿಧಾನವಾಯಿತು. "ತ್ರಾಣ ಹೋಗೇತಿ ಆಕಿದು. ಡಾಕ್ಟರ್‌ನ ಕರಿ. ಇಕ್ಕಳ ಬೇಕಾಕ್ಕೈತಿ."

ಮುಕ್ತಾ ಹೊರಗೆ ಓಡಲಿಲ್ಲ. ಹುಲಿಗೆವ್ವನ ಮುಖ ನೋಡುತ್ತಿದ್ದಳು. ಬೇನೆಗೆ ಮುಚ್ಚಿದ ಕಣ್ಣು ಹಿಂಡಿಕೊಂಡಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ. ತ್ರಾಣ ಹೋದವರ ದವಡೆ ಜೋಲುತ್ತದೆ. ಇವಳ ರೆಪ್ಪೆಗಳು ಮೆಲ್ಲಗೆ ಕೂಡಿಕೊಂಡಿದ್ದವು. ಹುಬ್ಬು ತುಸು ಮೇಲೆ. ಗದ್ದ ತುಸು ಮುಂದೆ. ಕಿವಿಗೊಟ್ಟು ಏನನ್ನೋ ಕಾಯುವ ಮುಖ.

"ಸಿಸ್ಟರ್, ಆಕಿಗೆ ತ್ರಾಣ ಐತ್ರಿ. ಆಕಿ ಕಾಯಾಕತ್ತಾಳ."

"ಏನನ್ನ?"

ಮುಕ್ತಾ ಆಗಲೇ ಹುಲಿಗೆವ್ವನ ತಲೆಯ ಬಳಿ ಬಾಗಿದ್ದಳು.

"ಹುಲಿಗೆವ್ವಾ. ಗಂಟಿ ಬರೂದಿಲ್ಲ. ಕೇಳಾಕತ್ತಿ? ಇದು ಹಿಂದ ಹೋಗೂದಿಲ್ಲ. ನಾನೂ ಕಾದೀನಿ, ಬರೂದಿಲ್ಲ ಅದು. ಕಣ್ಣ ತಗಿ. ತಿಳೀದಿದ್ರೂ ಇರಲಿ, ಮುಂದ ನಡಿ. ಕೂಸು ಬಂದ ಮ್ಯಾಲ ತಿಳೀತೈತಿ. ನನ್ನ ಮಾರಿ ನೋಡು."

ರೆಪ್ಪೆ ನಡುಗಿದವು. ಕಣ್ಣು ತೆರೆದವು. ಎಲ್ಲಿದ್ದೇನೆ ಎಂದು ತಿಳಿಯದ, ಏಕಾಂಗಿಯಾದ ಕಣ್ಣು. ಮುಕ್ತಾಳಿಗೆ ಆ ನೋಟ ಒಳಗಿನಿಂದ ಗೊತ್ತಿತ್ತು.

"ಹೂಂ," ಎಂದಳು ಮುಕ್ತಾ.

ಹುಲಿಗೆವ್ವ ಹಲ್ಲು ಕಚ್ಚಿ ತಿಣುಕಿದಳು. ಕೂಸಿನ ಎದೆಬಡಿತ ಮತ್ತೆ ಓಡತೊಡಗಿತು. ಸಿಸ್ಟರ್ ಏನೂ ಕೇಳದೆ ಬಂದು ಹುಲಿಗೆವ್ವನ ಭುಜ ಹಿಡಿದುಕೊಂಡರು. ಮುಕ್ತಾ ಕಾಲ ಬಳಿ ಮರಳಿದಳು.

ತಲೆ ಬಂತು. ಅದೇ ನೆತ್ತರು, ಅದೇ ಕೂದಲು, ಅದೇ ಕಪ್ಪಿಟ್ಟ ಮುಖ. ಬೆರಳು ಕೊರಳಿನ ಸುತ್ತ ಹೋಯಿತು. ಮಡಿಕೆಯೊಂದು ಸಿಕ್ಕಿತು. ಬಳ್ಳಿಯೋ, ಚರ್ಮವೋ? ಮುಕ್ತಾಳ ರೆಪ್ಪೆ ಭಾರವಾದವು. ಅದರ ಹಿಂದೆ ಆ ತಂಪಾದ ಕಪ್ಪು ಕಾದಿತ್ತು, ಸಣ್ಣಂದಿನಿಂದ ಒಮ್ಮೆಯೂ ಬೈಯದ ಕಪ್ಪು. ಅವಳ ಬಾಯಿಂದ ಹೂಂ ಎಂಬ ಸದ್ದು ಹೊರಟಿತು, ತಾನೇ ಕೇಳಿಸಿಕೊಂಡಳು. ಕಣ್ಣು ನೀರಾಡಿ ಉರಿದರೂ ತೆರೆದೇ ಇದ್ದವು. ಬೆರಳ ಕೆಳಗೆ ಮಡಿಕೆ ಬಡಿಯಲಿಲ್ಲ. ಚರ್ಮ. ಬಿಟ್ಟಳು. ಹೆಗಲು ತಿರುಗಿತು, ಒಂದು ಭುಜ ಬಂತು, ಇನ್ನೊಂದು ಬಂತು, ಆಮೇಲೆ ಎಲ್ಲವೂ ಒಟ್ಟಿಗೇ ಜಾರಿ ಅವಳ ಕೈ ತುಂಬಿತು.

ಹೆಣ್ಣುಕೂಸು. ಉಜ್ಜಿದಳು. ಅತ್ತಿತು.

ಹುಲಿಗೆವ್ವ ತಲೆ ಎತ್ತಲು ಹೆಣಗುತ್ತ, "ಮುಗೀತೇನ್ರಿ? ನಂಗೇನೂ ತಿಳೀಲಿಲ್ರಿ," ಎಂದಳು.

"ನಂದೂ ಹಂಗ ಐತವಾ," ಎಂದು ಮುಕ್ತಾ ಕೂಸನ್ನು ಅವಳ ಎದೆಯ ಮೇಲಿಟ್ಟಳು.

ಕಟ್ಟೆಯ ಬಳಿ ಸಿಸ್ಟರ್ ಬಹಳ ಹೊತ್ತು ಕೈ ತೊಳೆದರು. ರಾತ್ರಿಯೆಲ್ಲ ನಿಂತು ಅವರ ಕಾಲು ಸೋತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲತ್ತ ನಡೆದರು.

"ಆಚಿ ಕಡೆ ಮಂಚದಾಕಿಗೆ ಬ್ಯಾನಿ ಹತ್ತೇತಿ. ನೀ ಹೋಗಿ ನೋಡು. ನಾ ಚಾ ಕುಡದು ಬರ್ತೀನಿ."